ಬೆಳ್ಳಕ್ಕಿಗಳ ಪರವಾಗಿ ನಾನು ಕೇಳಿದ ಪ್ರಶ್ನೆಗಳು

ಭಾಷಣ ಮಾಡುವವರಿಗೆಲ್ಲ ಜನ ಕೇಳಿಸಿಕೊಳ್ಳುವುದಿಲ್ಲವೆಂಬ ಭಯ. ನನ್ನನ್ನು ಕೇಳಿದರೆ, ಜನ ಕಿವಿಗೊಟ್ಟು ಕೇಳಿಸಿಕೊಳ್ಳುವುದೇ ಹೆಚ್ಚು ಅಪಾಯ. ಬೆಳಗಾವಿಯ ಕಾನ್ವೆಂಟಿನಲ್ಲಿ ನಮಗೆ ಎಲೊಕ್ಯೂಷನ್ ಕಲಿಸುತ್ತಿದ್ದ ಸಿಸ್ಟರ್ ಇದರ ಸುಳಿವನ್ನೇ ಕೊಟ್ಟಿರಲಿಲ್ಲ. "ಪ್ರಶ್ನೆ ಕೇಳು, ಚೈಲ್ಡ್, ಆಮೇಲೆ ಪಾಜ್! ಆ ಮೌನದಲ್ಲೇ ಹೃದಯಗಳು ಕರಗುತ್ತವೆ" ಎನ್ನುತ್ತಿದ್ದರು, ಪಾಪ. ಅಲ್ಲಿ ಖರೇನೇ ಮೌನ ಇರುತ್ತಿತ್ತು. ಉತ್ತರ ಕೊಡುವ ಧೈರ್ಯ ಯಾವ ಹುಡುಗಿಗಿತ್ತು? ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಅಂಥ ಆಡಿಯನ್ಸ್ ನನಗೆ ಮತ್ತೆ ಸಿಗಲಿಲ್ಲ.

ಗಜೇಂದ್ರಗಡದ ನಮ್ಮ ನೇಕಾರರ ಓಣಿಯಲ್ಲಿ ಒಂದು ಹಳೆಯ ಹುಣಸೆಮರ, ಅದರ ತುಂಬ ಬೆಳ್ಳಕ್ಕಿಗಳ ಗೂಡು. ಓಣಿಯವರು ಬೆಳಿಗ್ಗೆ ಸೀರೆಯ ಹಾಸಿನ ನೂಲನ್ನು ಉದ್ದಕ್ಕೆ ಎಳೆದು ಕಟ್ಟಿ, ಗಂಜಿ ಹಚ್ಚಿ ಒಣಗಿಸುವುದೂ ಅದರ ಕೆಳಗೇ. ಮೇಲಿನವರು ಕೆಳಗಿನದರ ಮೇಲೆ ಏನು ಮಾಡುತ್ತಿದ್ದರೆಂಬುದನ್ನು ಕಾನ್ವೆಂಟಿನಲ್ಲಿ ಓದಿದವಳು ಬಿಡಿಸಿ ಬರೆಯಲಾರೆ. ಮರ ಕಡಿಸುವುದೆಂದು ಓಣಿ ಹೆಚ್ಚುಕಡಿಮೆ ತೀರ್ಮಾನಿಸಿತ್ತು. ಗೂಡಿನಲ್ಲಿ ಮರಿಗಳಿದ್ದವು! ಮಹಿಳಾ ಮಂಡಳದ ಮೀಟಿಂಗಿನಲ್ಲಿ ಮಾತಾಡುತ್ತೇನೆಂದು ಹೊರಟೆ. ಗದಗದ ಸೈಬರ್ ಕೆಫೆಯಿಂದ ಬಯೋಡೈವರ್ಸಿಟಿ ಕುರಿತು ಪ್ರಿಂಟ್ ತರಿಸಿ, ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಕನ್ನಡಿ ಕರಗಿತು.

"ತಾಯಂದಿರೇ! ಈ ಮೂಕ ಹಕ್ಕಿಗಳು ನಮಗೆ ಏನೇನು ಕೊಟ್ಟಿವೆ?" ಎಂದು ಕೈಚಾಚಿ ನಿಂತೆ.

"ನನ್ನ ಹಾಸಿನ ಮ್ಯಾಲೆ ಕೊಟ್ಟಾವಲ್ರಿ ಅಕ್ಕಾರ, ತಂದು ತೋರಸ್ಲೇನ್ರಿ?" ಎಂದಳು ಮಗ್ಗದ ಮನೆಯ ಹಿರಿಯಳು ಶಂಕ್ರವ್ವ. ಮಂಡಳ ಘೊಳ್ಳೆಂದಿತು.

ನಾನು ಮುಂದಿನ ಪಾಯಿಂಟಿಗೆ ಜಿಗಿದೆ. "ಒಂದು ಜೀವಿ ಅಳಿದರೆ ಸೃಷ್ಟಿಯ ನೇಯ್ಗೆಯಲ್ಲಿ ಒಂದು ಎಳೆ ಹರಿದಂತೆ. ಎಳೆ ಹರಿದರೆ ಏನಾದೀತು?"

"ಏನಾಗ್ತೈತ್ರಿ, ಗಂಟ ಹಾಕಿ ಮುಂದ ನೇಯೂದು!" ಎಲ್ಲ ಮೂಲೆಗಳಿಂದ ಉತ್ತರ ಬಂತು. ಈ ಉಪಮೆಯನ್ನು ನೇಕಾರರ ಮುಂದೆ ಬಿಚ್ಚಬಾರದೆಂದು ಪ್ರಿಂಟಿನಲ್ಲಿ ಇರಲಿಲ್ಲ.

ಉಳಿದದ್ದು ಕಡೆಯ ಬಾಣ. ದನಿ ನಡುಗಿಸಿ, "ಈ ಮರ ಹೋದರೆ ಅವು ಎಲ್ಲಿಗೆ ಹೋದಾವು?" ಎಂದೆ. ಮೌನ! ಕರಗಿದರೆಂದುಕೊಂಡೆ. ಅವರು ಯೋಚಿಸುತ್ತಿದ್ದರು.

"ಎಲ್ಲಿಗಂದ್ರ, ಬೀಬಿಜಾನ್ ಬೇವಿನ ಗಿಡಕ್ಕ" ಎಂದಳು ಶಂಕ್ರವ್ವ.

ಆ ಬೇವಿನ ಕೆಳಗೆ ಬಳೆ ಅಂಗಡಿ ಇಟ್ಟಿದ್ದ ಬೀಬಿಜಾನ್ ಎದ್ದೇ ನಿಂತಳು. "ಯಾಕ್ಬೇ, ನನ್ನ ಅಂಗಡೀನ ಕಂಡತೇನ? ನಿನ್ನ ಹಿತ್ತಲದಾಗ ನುಗ್ಗಿ ಗಿಡ ಇಲ್ಲೇನ?"

"ಅದರ ಬುಡಕ ನನ್ನ ಹಪ್ಪಳಾ ಒಣಗತಾವ!"

ಊರಿನ ಪ್ರತಿಯೊಂದು ಗಿಡದ ಕೆಳಗೂ ಯಾರದೋ ಏನೋ ಒಣಗುತ್ತಿತ್ತು. ಜಗಳ ಆಡಿ ಆಡಿ ದಣಿದು ಮಂಡಳ ಒಂದಾಯಿತು: ಹಕ್ಕಿಗಳು ಇದ್ದಲ್ಲೇ ಇರಲಿ. ಹುಣಸೆಮರ ಉಳಿಯಿತು! ಅಷ್ಟಕ್ಕೆ ಥ್ಯಾಂಕ್ಸ್ ಹೇಳಿ ಕೂತಿದ್ದರೆ ನಾನು ಜಾಣೆ. ಗೆಲುವಿನ ಅಮಲಿನಲ್ಲಿ, "ಇನ್ನು ನೇಕಾರ ತಾಯಂದಿರ ನೂಲಿಗೆ ಒಂದಿಷ್ಟು ಜಾಗ ಕೊಡಲಾರದಷ್ಟು ಸಣ್ಣದೇ ನಮ್ಮ ಹೃದಯ?" ಎಂದುಬಿಟ್ಟೆ.

"ಹೃದಯ ಬ್ಯಾಡ್ರಿ ಅಕ್ಕಾರ, ನಿಮ್ಮ ಅಂಗಳ ಸಾಕು. ಭಾಳ ಉದ್ದ ಐತಿ, ಒಂದೂ ಗಿಡ ಇಲ್ಲ" ಎಂದಳು ಶಂಕ್ರವ್ವ.

ಈಗ ದಿನವೂ ಬೆಳಿಗ್ಗೆ ನನ್ನ ಗೇಟಿನಿಂದ ಹೊಸ್ತಿಲತನಕ ಹಾಸು. ಅದು ಒಣಗುವವರೆಗೆ ನಾನು ಹೌಸ್ ಅರೆಸ್ಟ್. ಹಾಲು ಗೋಡೆ ಹತ್ತಿ ಬರುತ್ತದೆ. ಎಳೆಬಿಸಿಲಿಗೆ ಆ ನೂಲು ಹೊಳೆಯುವುದೇನೋ ಬ್ಯೂಟಿಫುಲ್. ಆದರೆ ಬೆಳ್ಳಕ್ಕಿಗಳಿಗೆ ರೆಕ್ಕೆಗಳಿವೆಯೆಂಬುದು ಮಂಡಳಕ್ಕೂ ನನಗೂ ಹೊಳೆದಿರಲಿಲ್ಲ.

"ಅಕ್ಕಾರ, ನಿಮ್ಮ ಬಳಗ ಬಂತ್ ನೋಡ್ರಿ, ಲಗೂ ಬರ್ರಿ!" ಎಂದು ಶಂಕ್ರವ್ವ ಕೂಗುತ್ತಾಳೆ. ನಾನು ಚಹಾ ಅರ್ಧಕ್ಕೆ ಬಿಟ್ಟು, ಹಕ್ಕಿಗಳತ್ತ ಕೊಡೆ ಬೀಸುತ್ತ, ಇಂಗ್ಲಿಷಿನಲ್ಲಿ ಬೈಯುತ್ತ ಓಡುತ್ತೇನೆ.