ದೀಪಕ್ಕೊಂದು ಚೆಕ್‌ಪೋಸ್ಟ್

ಲೋಕದಲ್ಲೆಲ್ಲ ಸೂರ್ಯ ಪಡುವಣದಲ್ಲಿ ಮುಳುಗುತ್ತಾನೆ. ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಮಾತ್ರ ನಮ್ಮ ಮಾವ ಹಗ್ಗ ಎಳೆದಾಗ ಮುಳುಗುತ್ತಾನೆ! ಅದೂ ರಾತ್ರಿ ಸರಿಯಾಗಿ ಒಂಬತ್ತಕ್ಕೆ. ನಗಬೇಡಿ. ಒಂದು ಸಂಜೆ ನಮ್ಮಲ್ಲಿಗೆ ಬಂದು ಹೋಗಿ, ಆಮೇಲೆ ನಗುವಿರಂತೆ. ಒಂಬತ್ತರೊಳಗೆ ಮಾತ್ರ ಹೊರಟುಬಿಡಬೇಕು, ಅಷ್ಟೆ.

ಮಾವ ಎಂದರೆ ನನ್ನ ಗಂಡನ ತಂದೆಯಲ್ಲ. ನಮ್ಮತ್ತೆಯ ತಮ್ಮ, ನಮ್ಮನೆಯವರ ಸೋದರಮಾವ. ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿದ್ದವರು. ಬಂಡೀಪುರದ ಕಡೆ ರಾತ್ರಿ ಒಂಬತ್ತಾದರೆ ಕಾಡಿನ ರಸ್ತೆ ಬಂದ್ ಆಗುತ್ತದಲ್ಲ, ಆ ಗೇಟು ಹಾಕುವುದೂ ಎತ್ತುವುದೂ ಇವರ ಕೆಲಸ. ಒಂದು ತುದಿಗೆ ಕಲ್ಲು ಕಟ್ಟಿದ ಉದ್ದನೆಯ ಕಂಬ, ಇನ್ನೊಂದು ತುದಿಗೆ ಹಗ್ಗ. ಬಿಟ್ಟರೆ ಕಂಬ ಮೇಲೆ, ಎಳೆದರೆ ಕೆಳಗೆ. ಹೀಗೆ ಹಗ್ಗ ಹಿಡಿದುಕೊಂಡೇ ರಿಟೈರ್ ಆದರು. ಮದುವೆಯಾಗಲಿಲ್ಲ. ಯಾಕೆ ಮಾವ ಎಂದರೆ, "ಯಾವ ಎಣ್ಣು ಒಂಬತ್ತರೊಳ್ಗೆ ಬತ್ತಾಳವ್ವ?" ಎನ್ನುತ್ತಾರೆ.

ದೂರದಲ್ಲಿ ಲೈಟು ಕಾಣುತ್ತಿದ್ದರೂ ಗಾಡಿಗಾಗಿ ಗೇಟು ಹಿಡಿದು ಕಾಯುವುದು ಅವರ ಜಾಯಮಾನದಲ್ಲೇ ಇಲ್ಲ. ಒಮ್ಮೆ ಮದುವೆ ಗಂಡೊಬ್ಬ ಬಂದು ಸಿಕ್ಕಿಹಾಕಿಕೊಂಡನಂತೆ.

"ಒಂಬತ್ತರ ಮ್ಯಾಲೆ ಒಂದು ನಿಮ್ಸ ಆಗಿತ್ತು ಕಣವ್ವ. ಬಾಸಿಂಗ ಕಟ್ಕಂಡೇ ಬಂದಿದ್ದ. ಬುಟ್ನಾ? ಬುಡ್ನಿಲ್ಲ!"

"ಅಯ್ಯೋ ಮಾವ, ಮುಹೂರ್ತ?"

"ಬೆಳಗ್ಗೆ ಆರಕ್ಕೆ ಬುಟ್ಟೆ. ಮಗ ಕಾರಲ್ಲೇ ಮಲಗೆದ್ದು ಪಸಂದಾಗಿದ್ದ. ಅದೇ ಅವನ ಕೊನೇ ನೆಮ್ಮದಿ ನಿದ್ದೆ!"

ಇಂಥ ಮಾವ ಅಕ್ಕನ ಜೊತೆ ಇರುತ್ತೇನೆಂದು ಒಂದು ಟ್ರಂಕಿನೊಂದಿಗೆ ನಮ್ಮಲ್ಲಿಗೆ ಬಂದ ಸಮಯಕ್ಕೆ ಸರಿಯಾಗಿ ನಮ್ಮ ಹೊಸ ಮನೆ ಏಳುತ್ತಿತ್ತು. ಆ ಮನೆಯಲ್ಲಿ ನನ್ನದೊಂದು ಹಳೆಯ ಆಸೆಯಿತ್ತು. ನಾನು ಮೈಸೂರಿನಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಗಣಿತದ ಪರೀಕ್ಷೆಯ ದಿನ ಶಾಲೆಯ ಪ್ರಾರ್ಥನಾಮಂದಿರ ಚಾಪೆಲಿನಲ್ಲಿ ಹೋಗಿ ಕೂರುತ್ತಿದ್ದೆ. ಭಕ್ತಿಯಿಂದ ಎಂದು ಸಿಸ್ಟರುಗಳು ತಿಳಿದಿದ್ದರು. ನನಗೆ ಬೇಕಿದ್ದದ್ದು ಆ ಚಾವಣಿ! ಎರಡೂ ಕಡೆಯಿಂದ ಓರೆಯಾಗಿ ಎದ್ದು, ಎಲ್ಲೋ ಮೇಲೆ ಎರಡು ಅಂಗೈ ಜೋಡಿಸಿದಂತೆ ಕೂಡುತ್ತಿತ್ತು. ಅದರ ಕೆಳಗೆ ಕೂತರೆ ಭಾಗಾಕಾರ ಕೂಡ ಸಣ್ಣದಾಗಿ ಕಾಣುತ್ತಿತ್ತು. ನಮ್ಮ ಹಾಲ್‌ಗೂ ಅಂಥದ್ದೇ ಬೇಕೆಂದು ಕೇಳಿದೆ. ಎಂಜಿನಿಯರ್ ಖುಷಿಯಿಂದ, "ಕೆಥೆಡ್ರಲ್ ಸೀಲಿಂಗ್ ಮೇಡಂ!" ಎಂದು ಮೇಲೆ ಮಹಡಿಯಿಲ್ಲದೆ, ಅಟ್ಟವಿಲ್ಲದೆ, ನೇರ ಆಕಾಶಕ್ಕೇ ಕಟ್ಟಿಬಿಟ್ಟರು.

ಮನೆ ಮುಗಿದ ದಿನ ಮಾವ ಬಂದವರೇ ಹಾಲ್‌ನ ನಡುವೆ ಅಂಗಾತ ಮಲಗಿ, ಹಣೆಗೆ ಕೈ ಅಡ್ಡ ಹಿಡಿದು ನೋಡಿದರು.

"ಚೆನ್ನಾಗದೆ ಕಣವ್ವ. ಆನೆ ನಿಂತ್ಕಂಡು ಸೊಂಡ್ಲು ಎತ್ತಿದ್ರೂ ತಾಗಾಕಿಲ್ಲ. ಆನೆ ಯಾವಾಗ ಬತ್ತದೆ?"

ಆನೆ ಬರಲಿಲ್ಲ. ಸರಿ, ಮನುಷ್ಯರಾದರೂ ಬಂದು ಕೂರಬೇಕಲ್ಲ! ತೊಂದರೆ ಅಲ್ಲೇ ಶುರುವಾಯಿತು. ಎಂಜಿನಿಯರ್ ಆ ಓರೆ ಚಾವಣಿಯ ತುಂಬ ಸಣ್ಣ ಸಣ್ಣ ದೀಪಗಳನ್ನು ಹುದುಗಿಸಿದ್ದರು. ಹಾಕಿದರೆ ಮೇಲೆ ನಕ್ಷತ್ರಲೋಕ, ಕೆಳಗೆ ಅಮಾವಾಸ್ಯೆ. ಚಾವಣಿ ಜಗಜಗ ಹೊಳೆಯುತ್ತಿತ್ತು, ಸೋಫಾದಲ್ಲಿ ಕೂತವರು ಯಾರೆಂದು ಧ್ವನಿಯಿಂದ ತಿಳಿಯಬೇಕಿತ್ತು. ನಮ್ಮತ್ತೆ ಎರಡು ಸಂಜೆ ಬಂದು ಕೂತರು. ಮೂರನೆಯ ಸಂಜೆ ಹೂವಿನ ಬುಟ್ಟಿ ಎತ್ತಿಕೊಂಡು ಅಡುಗೆಮನೆಗೆ ನಡೆದರು.

"ಯಾಕತ್ತೆ?"

"ಬಸ್‌ಸ್ಟ್ಯಾಂಡಲ್ಲಿ ಕೂತಂಗಾಯ್ತದೆ ಕಣವ್ವ. ನಂಗೆ ಒಲೆ ಪಕ್ಕಾನೇ ಸಾಕು."

ನನಗೆ ಪಿಚ್ಚೆನಿಸಿತು. ನಮ್ಮತ್ತೆ ಸಂಜೆ ಹೂ ಕಟ್ಟುವವರು. ಹಳೆಯ ಮನೆಯ ಜಗಲಿಯಲ್ಲಿ ಅವರು ಮಲ್ಲಿಗೆ ಕಟ್ಟುತ್ತಿದ್ದರೆ ಬೀದಿಯ ಹೆಂಗಸರೆಲ್ಲ ಸುತ್ತ ಸೇರುತ್ತಿದ್ದರು. ಆ ಗುಂಪು ನನ್ನ ಹಾಲ್‌ನಲ್ಲಿ, ಆ ಚಾವಣಿಯ ಕೆಳಗೆ ಕೂತಿರುವುದನ್ನು ಮನಸ್ಸಿನಲ್ಲಿ ಚಿತ್ರ ಬರೆದಿಟ್ಟುಕೊಂಡಿದ್ದೆ. ಈಗ ನೋಡಿದರೆ ಅತ್ತೆ ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ, ಗೋಡೆಗೆ ಮುಖ ಮಾಡಿ ಕೂತಿದ್ದಾರೆ. ಮಲ್ಲಿಗೆಯೂ ಇಲ್ಲ, ಮುಷ್ಟಿಗಾತ್ರದ ಚೆಂಡು ಹೂವು! ಮಲ್ಲಿಗೆ ಯಾಕೆ ಬಿಟ್ಟಿರಿ ಎಂದರೆ, "ಚೆಂಡುವ್ವ ಬೇಗ ಆಯ್ತದೆ ಬುಡವ್ವ" ಎಂದರು. ಅತ್ತೆ ಬಂದು ಕೂರದ ಹಾಲ್ ಇದ್ದರೆಷ್ಟು, ಬಿಟ್ಟರೆಷ್ಟು?

"ಒಳ್ಳೇ ದೀಪ ತರೋಣ," ಎಂದೆ ನಮ್ಮನೆಯವರಿಗೆ.

"ನನಗೆ ಆಡಿಟ್ ಇದೆ. ಮಾವನ್ನ ಕರೆದುಕೊಂಡು ಹೋಗು," ಎಂದರು. ಆಡಿಟ್ ಇರಲಿಲ್ಲ. ಮಾವನ ಜೊತೆ ಅಂಗಡಿಗೆ ಹೋಗುವುದು ಎಂದರೇನೆಂದು ಅವರಿಗೆ ಚಿಕ್ಕಂದಿನಿಂದ ಗೊತ್ತಿತ್ತು!

ಚಾಮರಾಜನಗರದ ಆ ದೀಪದ ಅಂಗಡಿಯಲ್ಲಿ ಮಾಲೀಕ ಸಾಹೇಬರು ನಮ್ಮನ್ನು ಕೂರಿಸಿ, ಒಂದಾದ ಮೇಲೊಂದು ತೂಗುದೀಪ, ಅವರ ಮಾತಿನಲ್ಲಿ ಜೂಮರ್, ಹೊತ್ತಿಸಿದರು. ಗಾಜಿನ ಗೊಂಚಲು, ಹಿತ್ತಾಳೆಯ ಕೊಂಬೆ, ಸ್ಟೀಲಿನ ಬಳೆ. ನನ್ನ ಕಣ್ಣು ಮೂಲೆಯಲ್ಲಿದ್ದ ಒಂದು ಸಾದಾ ದೀಪದ ಮೇಲೆ ಬಿತ್ತು. ತೂಗುಬಿಟ್ಟ ಗಂಟೆಯಂಥ ಹಾಲುಬಿಳುಪು ಗಾಜು, ಅಂಚಿಗೆ ತೆಳ್ಳಗೆ ಹಿತ್ತಾಳೆ. ಆದರೆ ನನ್ನ ಕಣ್ಣಿಗೆ ಬಿದ್ದರೆ ಸಾಕೆ? ಚೆಕಿಂಗ್ ಆಗಬೇಡವೇ! ಮಾವ ಎದ್ದು ಪ್ರತಿ ಜೂಮರಿನ ಕೆಳಗೂ ಬಗ್ಗಿ, ಲಾರಿಯ ತಳ ನೋಡುವಂತೆ ನೋಡಿದರು. ಬೆರಳಿನಿಂದ ತಟ್ಟಿದರು.

"ಎಲ್ಲಿಂದ ಬಂತು?"

"ದಿಲ್ಲಿ ಮಾಲು ಅಣ್ಣಾ."

"ಒಳಗೇನದೆ?"

"ಬಲ್ಬು ಅಣ್ಣಾ. ಇನ್ನೇನಿರ್ತದೆ?"

"ಇದು ಕೆಳಕ್ಕೆ ಇಳೀತದಾ?"

ಸಾಹೇಬರು ಬೆಚ್ಚಿದರು. "ಇದು ಮೇಲೆ ಇರೋ ಚೀಜು ಅಣ್ಣಾ. ಕೆಳಗೆ ಯಾಕೆ ಬರ್ಬೇಕು? ಚಂದಮಾಮನ್ನ ಯಾರಾದ್ರೂ ಇಳಿಸ್ತಾರಾ?"

"ಚಂದಮಾಮ ಬೆಳಗಾದ್ರೆ ತಾನೇ ಇಳೀತಾನೆ. ನಿನ್ ಜೂಮರು ಇಳೀತದಾ ಏಳು."

ಅಷ್ಟಕ್ಕೇ ಮುಗಿಯಲಿಲ್ಲ. ಮಾವ ಶರ್ಟಿನ ಜೇಬಿನಿಂದ ಬಾಳೆಲೆಯ ತುಂಡೊಂದನ್ನು ಬಿಚ್ಚಿದರು. ಒಳಗೆ ಒಂದೆರಡು ಮಲ್ಲಿಗೆ ಮೊಗ್ಗು! ಒಂದನ್ನು ಅಂಗೈಯಲ್ಲಿಟ್ಟುಕೊಂಡು ಪ್ರತಿ ದೀಪದ ಕೆಳಗೂ ನಿಂತು, ಕಣ್ಣು ಅರೆ ಮುಚ್ಚಿ, ಕೈಯನ್ನು ಮೇಲೆ ಕೆಳಗೆ ಮಾಡಿ ನೋಡತೊಡಗಿದರು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಸಾಹೇಬರು ಮಾತ್ರ ವ್ಯಾಪಾರಸ್ಥರು.

"ಪೂಜೆ ಮನೇಲಿ ಮಾಡಿ ಅಣ್ಣಾ. ಮೊದ್ಲು ಬಿಲ್ ಹಾಕ್ಲಾ?"

ಕೊನೆಗೆ ಮಾವ ಮೂಲೆಯ ಆ ಬಿಳಿ ಗಂಟೆಯ ದೀಪದ ಕೆಳಗೇ ನಿಂತು, ಮೊಗ್ಗನ್ನು ಎರಡೆರಡು ಸಲ ನೋಡಿ, "ಇದಾಗ್ಲಿ ಕಣವ್ವ" ಎಂದರು. ನಾನು ಸಂತೋಷದಲ್ಲಿ ಕಾರಣ ಕೇಳಲಿಲ್ಲ. ಕೇಳಿ ಮಾಡುವುದೇನಿತ್ತು? ಅವರು ಒಂದು ಷರತ್ತು ಹಾಕಿದರು. ದೀಪ ನನ್ನಿಷ್ಟದ್ದು, ಅದನ್ನು ನೇತುಹಾಕುವುದು ಅವರಿಷ್ಟದಂತೆ.

ಅವರಿಷ್ಟ ಏನೆಂದು ಮರುದಿನ ಗೊತ್ತಾಯಿತು. ಹಳೆಯ ಮನೆಯ ಬಾವಿಯ ರಾಟೆ ನಮ್ಮ ಕೆಥೆಡ್ರಲ್ ಸೀಲಿಂಗಿನ ನೆತ್ತಿಗೆ ಏರಿತು! ಅದರ ಮೇಲೆ ಹಗ್ಗ ಹಾಯಿಸಿ, ಒಂದು ತುದಿಗೆ ನನ್ನ ಗಾಜಿನ ಗಂಟೆ ಕಟ್ಟಿದ್ದಾಯಿತು. ಕರೆಂಟಿನ ವೈರನ್ನು ಎಲೆಕ್ಟ್ರಿಷಿಯನ್ ಹಳೇ ಫೋನಿನ ವೈರಿನಂತೆ ಸುರುಳಿ ಮಾಡಿಕೊಟ್ಟ. ಇನ್ನೊಂದು ತುದಿ ಗೋಡೆಯ ಪಕ್ಕ ಇಳಿಯಿತು. ಗೇಟಿಗೆ ಕಲ್ಲು ಬೇಡವೇ? ರುಬ್ಬುವ ಗುಂಡು ಕಟ್ಟಿದರು. "ಬುಟ್ಟೆ!" ಎಂದು ಕೈ ಬಿಟ್ಟದ್ದೇ ತಡ, ದೀಪ ರಾಕೆಟ್ಟಿನಂತೆ ಮೇಲಕ್ಕೆ ಹಾರಿತು, ಗುಂಡು ಹೊಸ ಟೈಲ್ಸಿನ ಮೇಲೆ ಧೊಪ್ಪನೆ ಬಿತ್ತು.

"ದೀಪಕ್ಕೇನೂ ಆಗ್ನಿಲ್ಲ ಕಣವ್ವ," ಎಂದು ಮಾವ ಮೇಲೆ ನೋಡುತ್ತ ಸಮಾಧಾನ ಹೇಳಿದರು. ಕೆಳಗೆ ನೋಡುವ ಧೈರ್ಯ ಅವರಿಗೂ ಇರಲಿಲ್ಲ.

ಎಂಜಿನಿಯರ್ ಒಮ್ಮೆ ಬಂದು ನೋಡಿದರು. "ಈ ಮನೆ ನಾನು ಕಟ್ಟಿದ್ದು ಅಂತ ಯಾರಿಗೂ ಹೇಳಬೇಡಿ ಮೇಡಂ" ಎಂದು ಕಾಫಿಯನ್ನೂ ಕುಡಿಯದೆ ಹೋದರು.

ಗುಂಡು ಹೋಗಿ ಹುರುಳಿಕಾಳಿನ ಚೀಲ ಬಂತು. ಅದು ಅನುಕೂಲ ನೋಡಿ! ಒಂದೊಂದೇ ಹಿಡಿ ಕಾಳು ಹಾಕಿ, ತೆಗೆದು, ದೀಪಕ್ಕೂ ಚೀಲಕ್ಕೂ ತೂಕ ಸರಿಮಾಡಿದರು. ಈಗ ದೀಪ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತಿತ್ತು. ಬೆರಳಲ್ಲಿ ಹಗ್ಗ ಎಳೆದರೆ ಮೇಲೆ, ಸಡಿಲ ಕೊಟ್ಟರೆ ಕೆಳಗೆ. ಅಂದಿನಿಂದ ನಮ್ಮ ಮನೆಯಲ್ಲಿ ಅತಿಥಿಗಳ ಮರ್ಯಾದೆಯನ್ನು ದೀಪದ ಎತ್ತರದಿಂದ ಅಳೆಯಬಹುದು. ಮಾವನಿಗೆ ಇಷ್ಟವಾದವರು ಬಂದರೆ ದೀಪ ಮುಖದ ಹತ್ತಿರ ಇಳಿಯುತ್ತದೆ. ಇಷ್ಟವಿಲ್ಲದವರು ಬಂದರೆ ನೆತ್ತಿಗೇರುತ್ತದೆ. ಚೀಟಿ ವಿಷಯ ಮಾತಾಡಲು ಬರುವ ಪಕ್ಕದ ಬೀದಿಯವರ ಮುಖವನ್ನು ನಾವು ಇದುವರೆಗೆ ಸರಿಯಾಗಿ ನೋಡಿಯೇ ಇಲ್ಲ! ಇನ್ನು ಒಂಬತ್ತು ಗಂಟೆಗೆ ಯಾರೇ ಇರಲಿ, "ಗೇಟ್ ಕ್ಲೋಸ್!" ಎಂಬ ಕೂಗು. ದೀಪ ಮೇಲಕ್ಕೆ, ಸ್ವಿಚ್ಚು ಆಫ್. ಕತ್ತಲಲ್ಲಿ ಬಂದವರು ಚಪ್ಪಲಿ ಹುಡುಕಿಕೊಳ್ಳುವ ಸದ್ದು.

ಬೀಗರ ಊಟದ ಕಥೆ ಹೇಳದಿದ್ದರೆ ಹೇಗೆ? ನಮ್ಮ ನಾದಿನಿಯ ಮಾವನವರು ಚಾಮರಾಜನಗರದ ರೇಷ್ಮೆ ವ್ಯಾಪಾರಿ. ಮಹಾ ಗಂಭೀರ ಮನುಷ್ಯ, ತುಂಬು ಬೋಳುತಲೆ. ಅವರನ್ನು ದೀಪದ ಕೆಳಗೇ ಕೂರಿಸಿ ಬಡಿಸಿದ್ದೆವು. ಊಟ ಮಾಡುತ್ತಿದ್ದಂತೆ ಅವರ ತಲೆ ಬರಬರುತ್ತ ಹೆಚ್ಚು ಹೆಚ್ಚು ಹೊಳೆಯತೊಡಗಿತು. ನಾನು ನನ್ನ ಕಣ್ಣಿನ ದೋಷವೆಂದುಕೊಂಡೆ. ನೋಡನೋಡುತ್ತ ದೀಪ ಇಂಚಿಂಚಾಗಿ ಇಳಿದು, ಅವರು ಎರಡನೆಯ ಮುದ್ದೆಗೆ ಕೈ ಹಾಕುವಾಗ ಮೆತ್ತಗೆ "ಟಣ್" ಎಂದು ನೆತ್ತಿಗೆ ತಾಗಿತು!

ಬೀಗರು ತಲೆಯೆತ್ತಲಿಲ್ಲ. "ಸಾರು ಪಸಂದಾಗದೆ" ಎಂದರು, ಅಷ್ಟೆ.

"ಯಾವ ಸಾರು?" ಎಂದು ಗೋಡೆ ಪಕ್ಕದಿಂದ ಮಾವ ಚೀರಿದರು.

"ಉಳ್ಳಿಕಾಳು ಸಾರು ಕಣ್ಲಾ," ಅಡುಗೆಮನೆಯಿಂದ ಅತ್ತೆ. "ಡಬ್ಬಿ ಖಾಲಿಯಾಗಿತ್ತು. ನಿನ್ ಚೀಲದಿಂದ ಒಸಿ ತಕಂಡಿದ್ದೆ. ಯಾಕ್ಲಾ?"

ಆ ದಿನದಿಂದ ಚೀಲಕ್ಕೆ ಮರಳು ಬಂತು, ಗೋಡೆಗೆ ಹಗ್ಗ ಕಟ್ಟಲು ಒಂದು ಕೊಕ್ಕೆಯೂ ಬಂತು. ಬೀಗರು ಮಾತ್ರ ಎಲ್ಲಿ ಸಿಕ್ಕಿದರೂ, "ನಿಮ್ಮನೇಲಿ ಯಾರೋ ಆಶೀರ್ವಾದ ಮಾಡಿದಂಗಾಯ್ತು" ಎನ್ನುತ್ತಾರೆ.

ಇಷ್ಟೆಲ್ಲ ಆದರೂ ನಮ್ಮತ್ತೆ ಅಡುಗೆಮನೆ ಬಿಟ್ಟು ಬರಲಿಲ್ಲವಲ್ಲ! ದೀಪ ಬಂದು ಏನು ಬಂತು ಎಂದು ನಾನು ಒಳಗೊಳಗೇ ಕೊರಗುತ್ತಿದ್ದೆ.

ಮೊನ್ನೆ ಸಂಜೆ ಬೀದಿಯ ಕೊನೆಯ ಮನೆಗೆ ತಾಂಬೂಲಕ್ಕೆ ಹೋಗಿದ್ದೆ. ಮಾತಿನಲ್ಲಿ ಹೊತ್ತಾಯಿತು. ವಾಪಸು ಬರುವಾಗ ಒಂಬತ್ತು ಆಗುತ್ತ ಬಂದಿತ್ತು. ಗೇಟು ಬೀಳುವ ಹೊತ್ತು, ಮಾವನಿಂದ ಮಂಗಳಾರತಿ ಖಂಡಿತ ಎಂದುಕೊಂಡು ಮೆಲ್ಲಗೆ ಬಾಗಿಲು ತಳ್ಳಿದೆ.

ಹಾಲ್‌ನ ಆ ಎತ್ತರವೆಲ್ಲ ಕತ್ತಲು. ನಡುವೆ, ನೆಲದಿಂದ ಮಾರುದ್ದವೂ ಇಲ್ಲದಷ್ಟು ಕೆಳಗೆ, ನನ್ನ ಬಿಳಿ ಗಂಟೆ ಉರಿಯುತ್ತಿತ್ತು. ಅದರ ಕೆಳಗೆ ಚಾಪೆ. ಚಾಪೆಯ ಮೇಲೆ ನಮ್ಮತ್ತೆ! ಮಡಿಲಿನ ತುಂಬ ಮಲ್ಲಿಗೆ ಮೊಗ್ಗು. ಮುಖವನ್ನು ಕೈಯ ಹತ್ತಿರಕ್ಕೆ ತಂದು, ಒಂದೊಂದೇ ಮೊಗ್ಗನ್ನು ಬೆರಳ ತುದಿಯಲ್ಲಿ ತಡವಿ, ನೋಡಿ, ದಾರದ ಕುಣಿಕೆಗೆ ಕೊಡುತ್ತಿದ್ದರು. ಅವರು ಮುಂದಕ್ಕೆ ಬಾಗಿದರೆ ದೀಪ ಒಂದಿಷ್ಟು ಮೇಲಾಗುತ್ತಿತ್ತು, ಹಿಂದಕ್ಕೆ ಒರಗಿದರೆ ಒಂದಿಷ್ಟು ಇಳಿಯುತ್ತಿತ್ತು. ಗೋಡೆಯ ಪಕ್ಕ ಮಾವ ಹಗ್ಗ ಹಿಡಿದು ನಿಂತಿದ್ದರು. ಕೊಕ್ಕೆ ಖಾಲಿಯಿತ್ತು.

"ಕೊಕ್ಕೆಗೆ ಕಟ್ಟಬಾರದಾ ಮಾವ? ಕೈ ನೋಯಲ್ವಾ?" ಎಂದೆ ಪಿಸುದನಿಯಲ್ಲಿ.

"ಎದ್ದಾಗ ತಲೆಗೆ ತಾಗ್ಬುಟ್ರೆ? ಅವಳ್ಗೆ ಕಾಣಾಕಿಲ್ಲ ಕಣವ್ವ. ಕಣ್ಣು ಮಂಜಾಗದೆ. ಮೊಗ್ಗು ಕಾಣಾಕಿಲ್ಲ ಅಂತಲೇ ಚೆಂಡುವ್ವ ಇಡ್ದಿದ್ಲು. ನಿಂಗೆ ಏಳ್ಬ್ಯಾಡ ಅಂದಿದ್ಲು. 'ಮನೆ ಈಗ ಕಟ್ಟವ್ರೆ, ನನ್ ಕಣ್ಣಿನ ಕರ್ಚು ಬ್ಯಾರೆ ಯಾಕೆ' ಅಂತ. ಅದ್ಕೇ ನೀನಿಲ್ದಾಗ ಕರ್ಕಬಂದು ಕೂರಿಸ್ದೆ."

ಚಾಮರಾಜನಗರದ ಅಂಗಡಿ, ಬಾಳೆಲೆಯ ತುಂಡು, ಅರೆ ಮುಚ್ಚಿದ ಕಣ್ಣು, ಎಲ್ಲ ಒಟ್ಟಿಗೆ ನೆನಪಾಯಿತು.

"ನಾಳೆಯೇ ಮೈಸೂರಿಗೆ ಹೋಗಿ ತೋರಿಸೋಣ ಮಾವ," ಎಂದೆ.

"ಓಗನ. ಇವತ್ತು ಕಟ್ಲಿ ಬುಡು."

ಗೋಡೆ ಗಡಿಯಾರ ಒಂಬತ್ತು ಹೊಡೆಯಿತು. ಅತ್ತೆಯ ಕೈ ತಟ್ಟನೆ ನಿಂತಿತು. ತಲೆಯೆತ್ತದೆಯೇ ಕೇಳಿದರು.

"ಗೇಟ್ ಹಾಕ್ಬುಟ್ಯೇನ್ಲಾ?"

"ಇಲ್ಲ ಕಣಕ್ಕ," ಎಂದರು ಮಾವ. "ನಿನ್ ಗಾಡಿ ಇನ್ನೂ ಬತ್ತಾ ಅದೆ. ನಿಧಾನಕ್ಕೆ ಬಾ."

ಎಂದು ಹಗ್ಗವನ್ನು ಇನ್ನೊಂದು ಗೇಣು ಸಡಿಲ ಬಿಟ್ಟರು.