ಒಂಬೈನೂರ ತೊಂಬತ್ತು ರೂಪಾಯಿಯ ಗಾಲಿಮನೆ

ಸ್ವಂತ ಮನೆ ಇಲ್ಲವಲ್ಲ ಎಂದು ಕೊರಗುವ ಮಾವಂದಿರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಇದ್ದ ಸ್ವಂತ ಮನೆಗೆ ಗಾಲಿ ಇಲ್ಲವಲ್ಲ ಎಂದು ಕೊರಗಿದವರು, ನನಗೆ ತಿಳಿದ ಮಟ್ಟಿಗೆ, ನಮ್ಮ ಸೋದರಮಾವ ಒಬ್ಬರೇ! ಜಯನಗರದಲ್ಲಿ ನಲವತ್ತು ಅರವತ್ತರ ಸೈಟು, ಗಟ್ಟಿಮುಟ್ಟಾದ ಮನೆ, ಹಿತ್ತಲಲ್ಲಿ ಬಾವಿ, ಮುಂದೆ ಪಾರಿಜಾತ. ಮನುಷ್ಯನಿಗೆ ಇನ್ನೇನು ಬೇಕು? ಮಾವನಿಗೆ ಬೇಕಿದ್ದದ್ದು ಅದು ಓಡಾಡಬೇಕು ಅಂತ.

ನಾನಾಗ ಹೊಸದಾಗಿ ಟೈಪಿಸ್ಟ್ ಕೆಲಸಕ್ಕೆ ಸೇರಿ ಅವರ ಮನೆಯಲ್ಲೇ ಇದ್ದೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಆದ್ದರಿಂದ ನಾನು ಹೇಳುತ್ತಿರುವುದು ಕಣ್ಣಾರೆ ಕಂಡದ್ದು, ಸ್ವಲ್ಪ ಉಪ್ಪುಖಾರ ಹಚ್ಚಿದ್ದರೂ ಸುಳ್ಳಂತೂ ಅಲ್ಲ.

ಮಾವನ ಈ ಹುಚ್ಚಿಗೆ ಕಾರಣ ನಮ್ಮ ಅತ್ತೆ. ಅತ್ತೆ ತಮ್ಮ ಬಾವಿಯ ನೀರನ್ನಲ್ಲದೆ ಬೇರೆ ನೀರು ಕುಡಿಯುತ್ತಿರಲಿಲ್ಲ, ತಮ್ಮ ಒಲೆಯ ಮೇಲೆ ಬೆಂದದ್ದನ್ನಲ್ಲದೆ ಬೇರೇನೂ ತಿನ್ನುತ್ತಿರಲಿಲ್ಲ. ಅಹಂಕಾರವೆಂದು ತಿಳಿಯಬೇಡಿ. ತಾಯಿಯಿಲ್ಲದ ಅವರನ್ನು ಸಾಕಿದ್ದು ಕಟ್ಟಾ ಮಡಿಯ ಅಜ್ಜಿ. ಹೊರಗಿನ ನೀರು ಬಾಯಿಗಿಟ್ಟರೆ ಅತ್ತೆಗೆ ಹೊಟ್ಟೆ ತೊಳಸಿ ನಿಜವಾಗಿಯೂ ವಾಂತಿಯಾಗುತ್ತಿತ್ತು. ಅಂಥವರಿಗೆ ಇದ್ದದ್ದು ಒಂದೇ ಒಂದು ಆಸೆ, ಸಮುದ್ರ ನೋಡಬೇಕು ಅಂತ. ಮದುವೆಯಾದ ವಾರದಲ್ಲೇ ಮಾವ "ತೋರಿಸ್ತೀನಿ" ಎಂದು ಮಾತು ಕೊಟ್ಟಿದ್ದರು. ಒಮ್ಮೆ ಹೊರಟೂ ಹೊರಟರು. ಹಾಸನ ತಲಪುವ ಹೊತ್ತಿಗೆ ಒಂದು ಹನಿ ನೀರೂ ಕುಡಿಯದೆ ಅತ್ತೆ ಬಸ್ಸಿನಲ್ಲೇ ಮೂರ್ಛೆ ಹೋದರು. ಅಲ್ಲಿಂದಲೇ ವಾಪಸ್ಸು. ಆಮೇಲೆ ಇಪ್ಪತ್ತೆರಡು ವರ್ಷ ಅತ್ತೆಯ ಸಮುದ್ರ ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಉಳಿಯಿತು.

ಮಾವ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಅಲ್ಲಿಗೆ ಬರುತ್ತಿದ್ದ ಯಾವುದೋ ವಿದೇಶಿ ಪತ್ರಿಕೆಯಲ್ಲಿ ಒಂದು ಚಿತ್ರ ಕಂಡರು. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ. ಅದರ ಮುಂದೆ ಅರ್ಧಚಡ್ಡಿ ತೊಟ್ಟ ದೊರೆಸಾನಿಯೊಬ್ಬಳು ಏನೋ ಹುರಿಯುತ್ತಿದ್ದಾಳೆ. ಮಾವ ಅದನ್ನು ಮನೆಗೆ ತಂದು ಅತ್ತೆಯ ಮುಂದೆ ಹಿಡಿದರು.

"ನೀನು ಮನೆ ಬಿಟ್ಟು ಬರಲ್ಲ ತಾನೆ? ಬೇಡ ಬಿಡು. ಮನೇನೇ ಹೊರಡ್ಲಿ!"

ಅತ್ತೆ ಚಿತ್ರವನ್ನು ಬಹಳ ಹೊತ್ತು ನೋಡಿ ಕೇಳಿದರು, "ಈ ಹೆಂಗಸು ಸ್ನಾನ ಮಾಡಿ ಒಲೆ ಮುಟ್ಟಿದಾಳಾ?"

ಒಪ್ಪಿಗೆ ಸಿಕ್ಕಿತೆಂದು ಮಾವ ತಿಳಿದರು. ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರಿಗೆ ಕಾಂಪೌಂಡಿನ ಮೇಲಿಂದಲೇ ಘೋಷಣೆಯಾಯಿತು. "ಒಂದು ಸಾವಿರ ರೂಪಾಯಿ ಸಾರ್! ಅದ್ರ ಮೇಲೆ ಒಂದು ಪೈಸೆ ಆಯ್ತು ಅಂದ್ರೆ ಈ ಮೀಸೆ ತೆಗೆದ್ಬಿಡ್ತೀನಿ!"

ಮಾವನ ಮೀಸೆ ಸಾಮಾನ್ಯದ್ದಲ್ಲ. ಅದಕ್ಕೆ ದಿನವೂ ಕೊಬ್ಬರಿಎಣ್ಣೆ, ವಾರಕ್ಕೊಮ್ಮೆ ಕತ್ತರಿ. ಅಂಥ ಮೀಸೆಯನ್ನು ಪಣಕ್ಕಿಟ್ಟಮೇಲೆ ಅದನ್ನು ಉಳಿಸಿಕೊಳ್ಳಲು ದಾರಿಯೂ ಬೇಕಲ್ಲ? ಮಾವ ಕಂಡುಕೊಂಡ ದಾರಿ ಬಹಳ ಸರಳ. ಮನೆಯಲ್ಲಿ ಈಗಾಗಲೇ ಇರುವ ವಸ್ತುವಿಗೆ ಖರ್ಚಿಲ್ಲ!

ಮೊದಲು ಹೋದದ್ದು ಬಚ್ಚಲಮನೆಯ ಬಾಗಿಲು. "ಮನೇದೇ ಅಲ್ವೇನೇ? ದುಡ್ಡು ಕೊಡ್ಬೇಕಾ?" ಎಂದು ಮಾವ ಅದನ್ನು ಕಿತ್ತು ಗಾಲಿಮನೆಗೆ ಹಿಂಬಾಗಿಲು ಮಾಡಿದರು. ಬಚ್ಚಲಿಗೆ ಗೋಣಿತಾಟಿನ ಪರದೆ ಬಂತು. ಒಳಗೆ ಇದ್ದವರು ಹಾಡುತ್ತಿರಬೇಕು, ಹಾಡು ನಿಂತರೆ ಬಚ್ಚಲು ಖಾಲಿ ಎಂದರ್ಥ ಎಂಬ ಕಾನೂನೂ ಬಂತು. ಆ ಸಮಯಕ್ಕೆ ಸರಿಯಾಗಿ ನನ್ನನ್ನು ನೋಡಲು ಬಂದ ನಮ್ಮಪ್ಪನಿಗೆ ಹಾಡಿನ ಗಂಧಗಾಳಿಯಿಲ್ಲ. ಪಾಪ, ಮಗ್ಗಿ ಹೇಳಿಕೊಂಡು ಸ್ನಾನ ಮಾಡಿದರು. ಹದಿನೇಳರ ಮಗ್ಗಿಯ ಹತ್ತಿರ ತಡವರಿಸಿ ಒಂದು ಕ್ಷಣ ನಿಂತರು ನೋಡಿ, ಅತ್ತೆ ತಾಮ್ರದ ಕೊಡ ಹಿಡಿದು ನೇರ ಒಳಗೆ! ಅಪ್ಪ ಆ ಸಂಜೆಯೇ ಊರಿಗೆ ಹೊರಟುಹೋದರು.

ಆಮೇಲೆ ನಡುಮನೆಯ ಕಿಟಕಿ ಹೋಯಿತು. ಅತ್ತೆಯ ತವರಿನ ತೇಗದ ಮಂಚ ಎರಡು ಬೆಂಚಾಯಿತು. ನನ್ನ ಪುಸ್ತಕದ ಬೀರು ಅಡುಗೆಯ ಕಪಾಟಾಯಿತು. ಇವಕ್ಕೆಲ್ಲ ಬದಲಿ ತಂದ ಹೊಸ ಕಿಟಕಿ, ಹೊಸ ಮಂಚದ ದುಡ್ಡು? "ಅದು ಮನೆ ಖರ್ಚು, ಗಾಲಿಮನೆ ಖರ್ಚಲ್ಲ" ಎನ್ನುತ್ತಿದ್ದರು ಮಾವ. ಗಾಲಿಗಳನ್ನು ಮಾತ್ರ ಗುಜರಿಯಿಂದ ಕೊಂಡು ತಂದರು. ಎರಡೂ ಬೇರೆ ಬೇರೆ ಜೀಪಿನವು. ಒಂದು ಇನ್ನೊಂದಕ್ಕಿಂತ ಎರಡು ಬೆರಳು ದೊಡ್ಡದು. ಮನೆ ಎಡಕ್ಕೆ ವಾಲಿತು.

"ಯಾಕೆ ಸಾರ್ ವಾರೆ ಇದೆ?" ಎಂದರು ಹೆಡ್‌ಮಾಸ್ತರರು.

"ವಾರೆ ಅಲ್ಲ, ಇಳಿಜಾರು. ನೆಲ ತೊಳೆದ್ರೆ ನೀರು ಹರಿದು ಹೋಗ್ಬೇಡ್ವಾ?"

"ಸರಿ, ಇಲ್ಲೀವರೆಗೆ ಎಷ್ಟಾಯ್ತು?"

"ಒಂಬೈನೂರ ತೊಂಬತ್ತು."

ಹೆಡ್‌ಮಾಸ್ತರರು ಈ ಪ್ರಶ್ನೆಯನ್ನು ದಿನವೂ ಬೆಳಿಗ್ಗೆ ಹಲ್ಲುಜ್ಜುತ್ತಾ ಕೇಳುತ್ತಿದ್ದರು. ಮಾವನ ಉತ್ತರ ಒಂದೂವರೆ ವರ್ಷ ಒಂಬೈನೂರ ತೊಂಬತ್ತರಲ್ಲೇ ನಿಂತಿತ್ತು! ತಗಡು ಬಂತು, ಒಂಬೈನೂರ ತೊಂಬತ್ತು. ಬಣ್ಣ ಬಂತು, ಒಂಬೈನೂರ ತೊಂಬತ್ತು. ಬೆಸುಗೆಯವನು ಬಂದು ಮೂರು ದಿನ ಉಂಡು ಹೋದ, ಆಗಲೂ ಒಂಬೈನೂರ ತೊಂಬತ್ತೇ.

ಕಟ್ಟಿದ ಮನೆ ಗೇಟಿನಲ್ಲಿ ಹಿಡಿಸಲಿಲ್ಲ ಎಂದು ನೀವು ಊಹಿಸುತ್ತಿದ್ದರೆ ತಪ್ಪು. ಡ್ರಾಫ್ಟ್ಸ್‌ಮನ್‌ಗೆ ಅಷ್ಟೂ ತಿಳಿಯದೆ? ಗೇಟನ್ನು ಮೊದಲೇ ಕಿತ್ತು ಗಾಲಿಮನೆಯ ನೆಲಕ್ಕೆ ಹಾಕಿಬಿಟ್ಟಿದ್ದರು!

ಮಾವ ಸೋತದ್ದು ಅಡುಗೆಮನೆಯ ವಿಷಯದಲ್ಲಿ. "ಒಲೆ ಆಗ್ನೇಯದಲ್ಲಿರಬೇಕು, ನೀರು ಈಶಾನ್ಯದಲ್ಲಿರಬೇಕು" ಎಂದರು ಅತ್ತೆ.

"ಅಲ್ಲ ಕಣೇ, ಇದು ರಸ್ತೆ ತಿರುಗಿದ ಹಾಗೆಲ್ಲ ತಿರುಗುತ್ತೆ. ಆಗ್ನೇಯ ಎಲ್ಲಿಂದ ತರ್ಲಿ?"

"ನಾವು ಹೋಗೋದು ಯಾವ ಕಡೆಗೆ?"

"ಸಮುದ್ರ ಇರೋ ಕಡೆ. ಪಡುವಣಕ್ಕೆ."

"ಹಾಗಾದ್ರೆ ಪಡುವಣಕ್ಕೆ ಮುಖ ಮಾಡಿದಾಗ ಆಗ್ನೇಯ ಎಲ್ಲಿ ಬರುತ್ತೋ ಅಲ್ಲಿಡಿ."

"ವಾಪಸ್ ಬರೋವಾಗ?"

"ವಾಪಸ್ ಬರೋವಾಗ ಉಪವಾಸ."

ಇದಕ್ಕೆ ಯಾವ ಎಂಜಿನಿಯರ್ ಉತ್ತರ ಕೊಟ್ಟಾನು? ಪಡುವಣಕ್ಕೆ ಮುಖ ಮಾಡಿ ನಿಂತ ಬಂಡಿಗೆ ಆಗ್ನೇಯ ಎಂದರೆ ಹಿಂದಿನ ಎಡಮೂಲೆ, ಈಶಾನ್ಯ ಎಂದರೆ ಹಿಂದಿನ ಬಲಮೂಲೆ. ಒಲೆ, ಪಾತ್ರೆ, ನೀರಿನ ಎರಡು ಹಂಡೆ, ಎಲ್ಲವೂ ಹಿಂದಕ್ಕೇ ಹೋದವು. ಮಾವ ಕಾಗದದ ಮೇಲೆ ಲೆಕ್ಕ ಹಾಕಿ, ಏನೂ ತೊಂದರೆಯಿಲ್ಲ ಎಂದರು. ಆದರೆ ಅವರು ಲೆಕ್ಕ ಹಾಕಿದ್ದು ಖಾಲಿ ಹಂಡೆಗಳದ್ದು.

ಗಾಲಿಮನೆಗೆ ಗೃಹಪ್ರವೇಶವೂ ಆಯಿತು. ಒಳಗೆ ಹಾಲುಕ್ಕಿಸಲು ಎಲ್ಲ ಸಿದ್ಧವಾಯಿತು. ಪದ್ಧತಿಯಂತೆ ಮೊದಲು ಹಸು ಒಳಗೆ ಹೋಗಬೇಕು. ಮುಂದಿನ ಎರಡು ಕಾಲು ಹೋದವು, ಹೊಟ್ಟೆ ಬಾಗಿಲಲ್ಲಿ ಸಿಕ್ಕಿಕೊಂಡಿತು. ಪುರೋಹಿತರು ಹಿಂದೆ ಉಳಿದ ಭಾಗವನ್ನು ಒಮ್ಮೆ ನೋಡಿ, "ಅರ್ಧ ಬಂದ್ರೂ ಪೂರ್ತಿ ಬಂದ ಹಾಗೇ, ಮಂಗಳಾರತಿ ತನ್ನಿ" ಎಂದರು. ಹಸು ಅಷ್ಟರಲ್ಲಿ ಒಳಗೆ ಕಟ್ಟಿದ್ದ ತೋರಣ ತಿಂದು ಮುಗಿಸಿತ್ತು.

ಹೊರಡುವ ದಿನ ಬಂತು. ಬೇಸಿಗೆ. ಈ ಬಂಡಿಗೆ ಕಾಗದಪತ್ರ ಯಾವುದೂ ಇರಲಿಲ್ಲ. ಪೊಲೀಸರ ಕಣ್ಣಿಗೆ ಬೀಳದಂತೆ ಬನಶಂಕರಿ, ಚಿಕ್ಕಲಸಂದ್ರ, ಉತ್ತರಹಳ್ಳಿಯ ಮೇಲೆ ಕೆಂಗೇರಿಗೆ ಹೋಗಿ ದೊಡ್ಡ ರಸ್ತೆ ಸೇರುವುದೆಂದು ಮಾವ ನಕ್ಷೆ ಬರೆದಿದ್ದರು. ಬೀದಿಯವರೆಲ್ಲ ನಿಂತು ಬೀಳ್ಕೊಟ್ಟರು. ಮಾವನ ಹಳೆಯ ಕಾರಿನಲ್ಲಿ ಮುಂದೆ ಅವರಿಬ್ಬರು, ಹಿಂದೆ ನಾನು. ಅತ್ತೆ ಹೊಸ ಸೀರೆ ಉಟ್ಟಿದ್ದರು. ಅವರ ಮುಖದಲ್ಲಿ ಅಂಥ ಸಂಭ್ರಮವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಚಿಕ್ಕಲಸಂದ್ರ ದಾಟಿತು. ಸುತ್ತ ರಾಗಿ ಹೊಲ, ಅಲ್ಲೊಂದು ಇಲ್ಲೊಂದು ಮನೆ. ರಸ್ತೆಗೆ ಅಡ್ಡಲಾಗಿ ಒಂದು ಮೋರಿ, ಅದರ ಮೇಲೊಂದು ಉಬ್ಬು. ಗಾಲಿಮನೆ ಅದನ್ನು ಹತ್ತಿದ್ದೇ ತಡ, ಕಾರಿನ ಎಂಜಿನ್ ಭೋರೆಂದು ಕೂಗಿತು. ಕಾರು ಮಾತ್ರ ಇದ್ದಲ್ಲೇ ಇತ್ತು.

"ರೀ, ನಾವ್ಯಾಕೆ ನೆಲ ನೋಡ್ತಿದೀವಿ?" ಎಂದರು ಅತ್ತೆ.

ನಿಜ! ಗಾಲಿಮನೆಯ ಹಿಂಭಾಗ ಕುಸಿದು, ಮೂತಿ ಮೇಲೆದ್ದು, ಕಾರಿನ ಹಿಂಭಾಗವನ್ನೂ ಗಾಳಿಗೆ ಎತ್ತಿತ್ತು. ನಾವು ಮೂವರೂ ರಸ್ತೆಗೆ ನಮಸ್ಕಾರ ಹಾಕುವಂತೆ ಬಾಗಿ ಕೂತಿದ್ದೆವು. ಮರುಕ್ಷಣ ಕೊಂಡಿ ಫಟಾರೆಂದು ಮುರಿಯಿತು. ಕಾರು ದೊಪ್ಪೆಂದು ನೆಲಕ್ಕೆ ಬಿತ್ತು, ಹಿಂದಿನ ತಗಡು ಗಾಲಿಗೆ ಒತ್ತಿಕೊಂಡು ಅದೂ ಕದಲದಾಯಿತು. ಬಚ್ಚಲಮನೆಯ ಬಾಗಿಲು ತಾನಾಗಿ ತೆರೆದು, ಎರಡು ಹಂಡೆ ನೀರೂ ರಾಗಿ ಹೊಲಕ್ಕೆ ಹರಿಯಿತು. ಅದರ ಹಿಂದೆಯೇ ಒಂದು ಒರಳುಕಲ್ಲು ಉರುಳಿಕೊಂಡು ಬಂತು.

ಮಾವ ಒರಳುಕಲ್ಲನ್ನು ನೋಡಿದರು. ಅತ್ತೆಯನ್ನು ನೋಡಿದರು. "ಇದು ಯಾವಾಗ ಹತ್ತಿತು?"

"ಸಮುದ್ರದ ದಂಡೇಲಿ ಇಡ್ಲಿ ತಿನ್ಬೇಕು ಅನ್ಸಿದ್ರೆ?" ಎಂದರು ಅತ್ತೆ ಮೆಲ್ಲಗೆ.

ಮಾವ ಬೈಯಲಿಲ್ಲ. ಗಾಲಿಮನೆಯ ಕೆಳಗೆ ತೂರಿಕೊಂಡು ಎರಡು ಗಂಟೆ ಏನೇನೋ ಬಡಿದರು. ಬಿಸಿಲು ನೆತ್ತಿಗೆ ಬಂತು. ಅತ್ತೆಯ ತುಟಿ ಒಣಗಿತ್ತು, ಮುಖ ಕೆಂಪಗಾಗಿತ್ತು. ನನಗೆ ಹಾಸನದ ಕಥೆ ನೆನಪಾಗಿ ಭಯವಾಯಿತು. ಪಕ್ಕದ ಮನೆಯಂಗಳದಲ್ಲಿ ಹುರುಳಿಕಾಳು ಒಣಗಿಸುತ್ತಿದ್ದ ಹೆಂಗಸೊಬ್ಬಳು ನಮ್ಮನ್ನೇ ನೋಡುತ್ತಿದ್ದಳು. ಹೆಸರು ಮುನಿಯಮ್ಮ. ಕೊನೆಗೆ ತಾಳಲಾರದೆ ತಂಬಿಗೆ ತುಂಬ ನೀರು ಹಿಡಿದು ಬಂದಳು.

"ಯಾಕಕ್ಕಾ ಬಿಸ್ಲಲ್ಲಿ ಕುಂತಿದ್ದೀಯಾ? ಮನೆ ಮುರ್ದೋಯ್ತಾ? ತಗೋ, ಒಂದ್ ಗುಟುಕು ಕುಡಿ."

ನಾನು ಗಟಗಟನೆ ಕುಡಿದೆ. ಅತ್ತೆ ಕೈಮುಗಿದು ಬೇಡವೆಂದು ತಲೆಯಾಡಿಸಿದರು. ಮುನಿಯಮ್ಮ ತಂಬಿಗೆಯನ್ನು ಮತ್ತೆ ತುಂಬಿಸಿ ತಂದು ಪಕ್ಕದಲ್ಲೇ ಕೂತಳು.

ಮಾವ ಕೆಳಗಿನಿಂದ ಹೊರಬಂದರು. ಮೀಸೆಯ ತುಂಬ ಕೆಮ್ಮಣ್ಣು. ಗಾಲಿಮನೆಯೊಳಗಿಂದ ಎರಡು ಕೊಡ ಎತ್ತಿಕೊಂಡರು.

"ಎಲ್ಲಿಗ್ರೀ?"

"ಮನೆಗೆ. ನಿನ್ನ ಬಾವಿ ನೀರು ತಂದ್ಬಿಡ್ತೀನಿ. ಸಂಜೆಯೊಳಗೆ ಬರ್ತೀನಿ, ನೆರಳಲ್ಲಿ ಕೂತಿರು."

ಎಂಟು ಮೈಲಿಯಾದರೂ ಆದೀತು, ಹೋಗಿ ಬರುವುದಕ್ಕೆ! ಆ ಉರಿಬಿಸಿಲಲ್ಲಿ ಐವತ್ತು ದಾಟಿದ ಮನುಷ್ಯ ಕೈಗೊಂದು ಕೊಡ ಹಿಡಿದು ಬನಶಂಕರಿಯ ದಿಕ್ಕಿಗೆ ನಡೆದೇಬಿಟ್ಟರು. ಅತ್ತೆ ಅವರ ಬೆನ್ನನ್ನೇ ನೋಡುತ್ತಿದ್ದರು. ಮಾವ ಮೋರಿ ದಾಟಿದರು, ಹುಣಸೆಮರ ದಾಟಿದರು. ತಿರುವಿನ ಹತ್ತಿರ ನಿಂತು ಕೊಡಗಳನ್ನು ಕೆಳಗಿಟ್ಟು ಸೊಂಟ ಹಿಡಿದುಕೊಂಡರು. ಮತ್ತೆ ಎತ್ತಿಕೊಂಡರು.

ಅತ್ತೆ ಮುನಿಯಮ್ಮನ ಕೈಯಿಂದ ತಂಬಿಗೆ ಕಿತ್ತುಕೊಂಡವರೇ ಕಣ್ಣು ಮುಚ್ಚಿ ಕುಡಿದರು. ಅಷ್ಟನ್ನೂ ಕುಡಿದರು! ಆಮೇಲೆ ಎದ್ದು ನಿಂತು, ಜಯನಗರದವರೆಗೆ ಕೇಳುವಂತೆ ಕೂಗಿದರು.

"ರೀ! ವಾಪಸ್ ಬನ್ರೀ! ನೀರು ಸಿಕ್ತು!"

ನಾನು ಅತ್ತೆಯ ಮುಖವನ್ನೇ ನೋಡುತ್ತಾ ಕಾದೆ. ಐದು ನಿಮಿಷ, ಹತ್ತು ನಿಮಿಷ. ಏನೂ ಆಗಲಿಲ್ಲ. "ನಮ್ ಬಾವೀದು ಸೀನೀರು ಕಣಕ್ಕಾ, ಏನಾಯ್ತದೆ?" ಎಂದಳು ಮುನಿಯಮ್ಮ. ಓಡೋಡಿ ಬಂದ ಮಾವ, ಖಾಲಿ ತಂಬಿಗೆಯನ್ನೂ ಅತ್ತೆಯ ಒದ್ದೆ ಗಲ್ಲವನ್ನೂ ನೋಡಿ, ರಸ್ತೆಯ ಮೇಲೆ ಕೊಡ ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟರು.

ಮುಂದಿನ ವಾರ ಇಬ್ಬರೂ ಕೆಂಪು ಬಸ್ಸು ಹತ್ತಿ, ಒಂದೇ ಒಂದು ಕೈಚೀಲ ಹಿಡಿದು, ಸಮುದ್ರ ನೋಡಿ ಬಂದರು. ಗಾಲಿಮನೆಗೆ ಅದರಲ್ಲಿ ಪಾತ್ರವೇ ಇರಲಿಲ್ಲ! ವಾಪಸ್ ಬಂದ ಮಾವನ ಮುಖ ನೋಡಿ ಹೆಡ್‌ಮಾಸ್ತರರ ಬಾಯಿಂದ ಹಲ್ಲುಪುಡಿ ಉದುರಿತು. ಮೀಸೆ ಇರಲಿಲ್ಲ.

"ಅಂತೂ ಕಡೆಗೆ ಎಷ್ಟಾಯ್ತು ಸಾರ್?"

"ಒಂಬೈನೂರ ತೊಂಬತ್ತು!" ಎಂದು ಮಾವ ಒಳಗೆ ನಡೆದರು.

ಗಾಲಿಮನೆ ಬಿದ್ದಲ್ಲೇ ಉಳಿಯಿತು. ಮುನಿಯಮ್ಮ ಅದಕ್ಕೆ ನಾಲ್ಕು ಕಲ್ಲು ಊರಿ ಟೀ ಅಂಗಡಿ ಮಾಡಿದಳು. ಪಡುವಣಕ್ಕೆ ಮುಖ ಮಾಡಿಯೇ ನಿಂತಿರುವುದರಿಂದ ಒಲೆ ಇವತ್ತಿಗೂ ಆಗ್ನೇಯದಲ್ಲೇ ಇದೆ. ವ್ಯಾಪಾರ ಚೆನ್ನಾಗಿ ನಡೆಯಿತು.

ಆರೇಳು ವರ್ಷಗಳ ಮೇಲೆ, ಮದುವೆಯಾಗಿ ದೂರ ಹೋಗಿದ್ದ ನಾನು ಬಂದಾಗ, ಅತ್ತೆ ನನ್ನನ್ನು ಅಲ್ಲಿಗೇ ಟೀ ಕುಡಿಸಲು ಕರೆದುಕೊಂಡು ಹೋದರು. ತೇಗದ ಮಂಚದ ಬೆಂಚಿನ ಮೇಲೆ ಕೂತೆವು. ಹೊರಗೆ ಬಿಸಿಲಲ್ಲಿ ಮಾವ ಮುನಿಯಮ್ಮನಿಗೆ ಅಂಗಡಿಯ ಮುಂದೊಂದು ಚಪ್ಪರ ಹಾಕಿಕೊಡುವುದಾಗಿ ಕೈಯಾಡಿಸಿ ವಿವರಿಸುತ್ತಿದ್ದರು. "ಇನ್ನೂರು ರೂಪಾಯಿ ಮುನಿಯಮ್ಮ! ಮೇಲೆ ಒಂದು ಪೈಸೆ ಆಯ್ತು ಅಂದ್ರೆ..." ಹೊಸ ಮೀಸೆ ಬಂದಿತ್ತು.

ನಾನು ನಗುತ್ತಾ ಕೇಳಿದೆ. "ಅತ್ತೆ, ನಿಜವಾಗ್ಲೂ ಇದಕ್ಕೆ ಎಷ್ಟು ಖರ್ಚಾಯ್ತು?"

"ನಂಗೇನು ಗೊತ್ತೇ?" ಎಂದರು ಅತ್ತೆ. ಬಾಗಿಲಿನ ಹಲಗೆಯನ್ನು ಒಮ್ಮೆ ಸವರಿದರು. "'ನಿನ್ನ ಮಡಿ ಬಿಡೇ' ಅಂತ ಒಂದು ಮಾತು ಗದರಿದ್ರೆ ಒಂದು ಕಾಸೂ ಖರ್ಚಿರ್ಲಿಲ್ಲ. ಎಲ್ರೂ ಹಾಗೇ ಅಂದ್ರು. ಇಪ್ಪತ್ತೆರಡು ವರ್ಷ ಇವರೊಬ್ಬರು ಅನ್ನಲಿಲ್ಲ ಕಣೇ. ನನ್ನ ಬದಲಾಯಿಸೋ ಬದ್ಲು ಇರೋ ಮನೆ ಕಿತ್ರು."

ಅತ್ತೆ ಎದ್ದು, ಮುನಿಯಮ್ಮನ ತಂಬಿಗೆಯಲ್ಲಿ ನೀರು ತುಂಬಿಸಿಕೊಂಡು, ಬಿಸಿಲಲ್ಲಿ ನಿಂತಿದ್ದ ಮಾವನ ಹತ್ತಿರ ನಡೆದರು.