ಹಿತ್ತಲಿನ ಹಸಿರು ಕೋರ್ಟು

ಆಟ ಬಾರದವನಿಗೆ ಇರುವ ಆಟದ ಹುಚ್ಚು ಆಟ ಬಲ್ಲವನಿಗೆ ಇರುವುದಿಲ್ಲ. ಬಲ್ಲವನು ಆಡಿ, ಬೆವರು ಒರೆಸಿಕೊಂಡು, ಮನೆಗೆ ಹೋಗಿ ಉಂಡು ಮಲಗುತ್ತಾನೆ. ಬಾರದವನು ಮಲಗಿದ ಮೇಲೂ ಆಡುತ್ತಲೇ ಇರುತ್ತಾನೆ. ನಾನು ಈ ಎರಡನೆಯ ಪಂಗಡದವನು. ಎಪ್ಪತ್ತರ ದಶಕದ ಕೊನೆಯಲ್ಲಿ ಚನ್ನಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಸಂಜೆಯಾದರೆ ಕಚೇರಿಯ ಹಿಂದಿನ ಬಯಲಲ್ಲಿ ಬಾಲ್ ಬ್ಯಾಡ್ಮಿಂಟನ್ ನಡೆಯುತ್ತಿತ್ತು. ಹಳದಿ ಉಲ್ಲನ್ನಿನ ಚೆಂಡು, ಒಂದೊಂದು ಕಡೆಗೆ ಐದು ಜನ. ಹೆಡ್ ಕ್ಲಾರ್ಕ್ ಅಮಾನುಲ್ಲಾ ಸಾಹೇಬರು ನಮ್ಮ ಕ್ಯಾಪ್ಟನ್. ಬಹಳ ಮೆದು ಮಾತಿನವರು. ಒಂದು ಸಂಜೆ ನನ್ನ ಹೆಗಲ ಮೇಲೆ ಕೈಯಿಟ್ಟು, "ರಾಜಪ್ಪನೋರೇ, ಆಡಾಕೆ ಬರಬ್ಯಾಡ್ರಿ ಅಂತ ನಾನು ಹೇಳಲ್ಲ. ಆದ್ರೆ ನೀವು ನಮ್ಮ ಕಡೆ ನಿಂತ್ರೆ ಆ ಕಡೆಯೋರು ಆರು ಜನ ಆಗಿಬಿಡ್ತಾರೆ" ಎಂದರು.

ಇಷ್ಟು ಮರ್ಯಾದೆಯಿಂದ ಹೊರಗೆ ಹಾಕಿಸಿಕೊಂಡವನು ಜಗಳವಾಡುವುದಾದರೂ ಹೇಗೆ? ಮನೆಗೆ ಬಂದೆ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಉಪಾಯ ಹೊಳೆಯಿತು. ಕೋರ್ಟೇ ನನ್ನದಾದರೆ ನನ್ನನ್ನು ಬಿಟ್ಟು ಆಡುವವರು ಯಾರು? ಹೆಂಡತಿ ಗಿರಿಜಾ ಸೊಪ್ಪು ಬಿಡಿಸುತ್ತ ಕೂತಿದ್ದಳು. ವಿಷಯ ಹೇಳಿದೆ. "ಒಗೆಯೋ ಕಲ್ಲು, ನುಗ್ಗೆ ಮರ ಎರಡೂ ಇದ್ದಲ್ಲೇ ಇರ್ತಾವೆ. ಮಿಕ್ಕಿದ ಜಾಗದಾಗೆ ನೀವು ಏನಾರ ಮಾಡ್ಕೊಳ್ರಿ" ಎಂದಳು. ಅಷ್ಟು ಸಾಕಿತ್ತು. ಮಣ್ಣು ಹಾಕಿಸಿ, ನೀರು ಚಿಮುಕಿಸಿ, ದಿಮ್ಮಸು ಹೊಡೆಸಿ ನೆಲ ಗಟ್ಟಿ ಮಾಡಿಸಿದೆ. ಎರಡು ದಿನ ಆಡುವಷ್ಟರಲ್ಲಿ ನೆಲವೆಲ್ಲ ಧೂಳಾಗಿ ಎದ್ದು, ಪಕ್ಕದ ಮನೆಯವರು ಹಗ್ಗಕ್ಕೆ ಹಾಕಿದ್ದ ಪಂಚೆಗಳೆಲ್ಲ ಕಾವಿ ಬಣ್ಣಕ್ಕೆ ತಿರುಗಿದವು. ಅವರು ಬೇಲಿಯಾಚೆ ನಿಂತು, "ನಮ್ಮನ್ನ ಸನ್ಯಾಸಿ ಮಾಡಿಬಿಟ್ರಲ್ರೀ" ಎಂದರು.

ಆಗಲೇ ಗ್ರಂಥಾಲಯದಲ್ಲಿ ಒಂದು ವಾರಪತ್ರಿಕೆಯ ಚಿತ್ರ ಕಣ್ಣಿಗೆ ಬಿತ್ತು. ಹೊರದೇಶದಲ್ಲಿ ಕಾರ್ಖಾನೆಯಲ್ಲೇ ಪ್ಲಾಸ್ಟಿಕ್ ಹುಲ್ಲು ಮಾಡಿ, ಅದನ್ನು ನೆಲಕ್ಕೆ ಹಾಸಿ ಆಡುತ್ತಾರಂತೆ. ನೀರು ಬೇಡ, ದನ ಮೇಯುವ ಭಯವಿಲ್ಲ, ಧೂಳಂತೂ ಇಲ್ಲವೇ ಇಲ್ಲ. ಆ ಹುಲ್ಲು ಚನ್ನಗಿರಿಗೆ ಬರುವ ಹೊತ್ತಿಗೆ ನನಗೆ ಪಿಂಚಣಿ ಬಂದಿರುತ್ತದೆ ಎಂದು ಯೋಚಿಸುತ್ತಿರುವಾಗ ಹೊನ್ನಾಳಿಯ ರುದ್ರೇಶಪ್ಪ ನೆನಪಾದ. ನನ್ನ ಜೊತೆ ಓದಿದವನು, ಶಾಮಿಯಾನದ ಅಂಗಡಿ ಇಟ್ಟಿದ್ದ. ಮದುವೆಗಳಲ್ಲಿ ಹಾಸುವ ನಾರಿನ ಹಾಸು, ಅದೂ ಹಸಿರು ಬಣ್ಣದ್ದು, ಅವನಲ್ಲಿ ಇತ್ತು. ಹೋಗಿ ಕೇಳಿದೆ. "ಹಳೇದು ಒಂದೈತೆ, ಒಯ್ಯೋ ಮಾರಾಯ. ಬಣ್ಣ ಮಾಸೇತಿ ಅಂತ ಮೊನ್ನೆನೇ ಹೊಸದಾಗಿ ಹಸಿರು ಹಾಕ್ಸೀನಿ" ಎಂದ. ಅವನು ಹೇಳಿದ ಕೊನೆಯ ಮಾತಿನ ಕಡೆಗೆ ಲಕ್ಷ್ಯ ಕೊಡಬೇಕಿತ್ತು. ಬಸ್ಸಿನ ಮೇಲೆ ಹೇರಿಸಿಕೊಂಡು ಬಂದು, ಹಿತ್ತಲಲ್ಲಿ ಹಾಸಿ, ಅಂಚಿಗೆಲ್ಲ ಮೊಳೆ ಹೊಡೆಸಿದೆ. ಒಗೆಯುವ ಕಲ್ಲಿನಿಂದ ನುಗ್ಗೆ ಮರದವರೆಗೆ ಹಸಿರೋ ಹಸಿರು. ಒಂದೊಂದು ಕಡೆಗೆ ಇಬ್ಬರು ಮಾತ್ರ ಆಡಬಹುದಾದಷ್ಟು ಜಾಗ.

ಭಾನುವಾರ ಅಮಾನುಲ್ಲಾ ಸಾಹೇಬರನ್ನೂ ಇನ್ನಿಬ್ಬರನ್ನೂ ಕರೆದೆ. ನಾಲ್ಕನೆಯವನು ನಾನು, ಯಾರೂ ತಕರಾರು ಮಾಡುವಂತಿರಲಿಲ್ಲ. ಬಿಸಿಲಿಗೆ ಹಾಸು ಕಾದಿತ್ತೆಂದು ನಾನೇ ಒಂದು ಕೊಡ ನೀರು ಚಿಮುಕಿಸಿದೆ. ಅತಿಥಿಗಳು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಇಳಿದರು. ಒಂದು ಗೇಮ್ ಮುಗಿಯುವಷ್ಟರಲ್ಲಿ ನಮ್ಮೆಲ್ಲರ ಪಾದಗಳು ಗಿಳಿಯ ಬಣ್ಣಕ್ಕೆ ಬಂದಿದ್ದವು. ಹಳದಿ ಚೆಂಡೂ ನೆಲಕ್ಕೆ ಬಿದ್ದು ಬಿದ್ದು ಹಸಿರಾಗಿ, ಹಾಸಿನ ಮೇಲೆ ಬಿದ್ದರೆ ಕಾಣದಂತಾಯಿತು. ನಾವು ನಾಲ್ವರೂ ಬಗ್ಗಿಕೊಂಡು ಹುಡುಕುವುದನ್ನು ಅಡಿಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಗಿರಿಜಾ, "ಸಾಹೇಬ್ರ ಎಡಗಾಲಿನ ಹಿಂದೈತೆ ನೋಡ್ರಿ" ಎಂದಳು. ಅಲ್ಲೇ ಇತ್ತು. ಅಕ್ಕಿಯಲ್ಲಿ ಕಲ್ಲು ಆರಿಸಿ ಪಳಗಿದ ಕಣ್ಣು. ಚೆಂಡು ಮರೆಯಾದಾಗಲೆಲ್ಲ ಅವಳೇ ತೋರಿಸಿದಳು. ಕೊನೆಗೆ ಸಾಹೇಬರು, "ತಂಗೀ, ನಿಂಗೆ ಇಷ್ಟು ಚಲೋ ಕಾಣ್ತೈತೆ, ನೀನೇ ಯಾಕೆ ಆಡಬಾರ್ದು?" ಎಂದು, ಚೆಂಡು ಹುಡುಕುವಾಗ ಯಾರೋ ಕೆಳಗಿಟ್ಟಿದ್ದ ಬ್ಯಾಟು ಎತ್ತಿ ಚಾಚಿದರು. ಯಾರದೆಂದು ನೋಡಿದೆ. ನನ್ನದೇ.

ಗಿರಿಜಾ ಸೆರಗು ಸಿಕ್ಕಿಸಿಕೊಂಡು ಇಳಿದಳು. ಮೊದಲ ಹೊಡೆತ ನುಗ್ಗೆ ಮರಕ್ಕೆ ಬಿತ್ತು, ಎರಡನೆಯದು ಸಾಹೇಬರ ಕನ್ನಡಕಕ್ಕೆ. ಮೂರನೆಯದನ್ನು ಯಾರಿಗೂ ತಡೆಯಲಾಗಲಿಲ್ಲ. ಮರುದಿನ ನಾನು ಕಚೇರಿಯಿಂದ ಬರುವ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ನಮ್ಮ ಹಿತ್ತಲಲ್ಲಿದ್ದರು. ಹೊಸಿಲುಗಳ ಮೇಲೆಲ್ಲ ಹಸಿರು ಹೆಜ್ಜೆ. ಯಾವ ಮನೆಯಲ್ಲೂ ಇದರಿಂದ ಬೇಸರವಾದಂತೆ ಕಾಣಲಿಲ್ಲ. ಅಷ್ಟು ನಗುವನ್ನು ನಮ್ಮ ಬೀದಿ ಅದಕ್ಕೂ ಮುಂಚೆ ಕೇಳಿರಲಿಲ್ಲ. ಬೇಲಿಯಾಚೆಯ ಪಂಚೆಯವರೂ ಎರಡು ಗೂಟ ಸರಿಸಿ, ತಮ್ಮ ಹೆಂಡತಿ ಸುತ್ತು ಬಳಸದೆ ಬರಲು ದಾರಿ ಮಾಡಿಕೊಟ್ಟರು. ನನಗೆ ಬ್ಯಾಟು ಸಿಗುವುದು ಅಪರೂಪವಾಯಿತು. ಚಹ ಮಾಡುವುದನ್ನು ಕಲಿತೆ.

ಮುಂದಿನ ಬೇಸಿಗೆಯಲ್ಲಿ ನ್ಯಾಮತಿಯ ಹೆಂಗಸರಿಂದ ಪಂದ್ಯಕ್ಕೆ ಕರೆ ಬಂತು. ನಮ್ಮವರು ಸರಿಯಾಗಿ ಐವರು ಹೊರಟರು, ಬುತ್ತಿಯ ಗಂಟು ಹೊರಲು ನಾನು. ಎರಡೂ ಕಡೆಯವರು ಒಂದೊಂದು ಗೇಮ್ ಗೆದ್ದು ಕೊನೆಯ ಗೇಮ್ ನಡೆಯುತ್ತಿದ್ದಾಗ ನಮ್ಮವರೊಬ್ಬರ ಕಾಲು ಉಳುಕಿತು. ಬದಲಿಗೆ ಯಾರೂ ಇಲ್ಲ. ಗಿರಿಜಾ ನನ್ನತ್ತ ನೋಡಿದಳು. ಹೆಂಗಸರ ಪಂದ್ಯದಲ್ಲಿ ಗಂಡಸು ಆಡುವುದು ಹೇಗೆಂದು ಎಲ್ಲರೂ ಗುಸುಗುಸು ಮಾತಾಡಿಕೊಂಡರು. ನ್ಯಾಮತಿ ಕಡೆಯ ಕ್ಯಾಪ್ಟನ್, ವಯಸ್ಸಾದ ಟೀಚರಮ್ಮ, ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಇವ್ರೇನ್ರೀ? ಇವ್ರಾದ್ರೆ ನಮ್ದೇನೂ ಅಡ್ಡಿ ಇಲ್ಲ, ಆಡ್ಲಿ ಬಿಡ್ರಿ" ಎಂದರು.

ಅಂತೂ ಒಂದು ತಂಡ ನನ್ನನ್ನು ಸೇರಿಸಿಕೊಂಡಿತು. ಗಿರಿಜಾ ಹತ್ತಿರ ಬಂದು, "ರೀ, ನೆಟ್ ಹತ್ರ ನಿಂತ್ಕೊಳ್ರಿ. ಚೆಂಡು ಬಂದ್ರೆ ಬಗ್ಗಿಬಿಡ್ರಿ, ಹಿಂದೆ ನಾನಿದೀನಿ" ಎಂದು ಪಿಸುಗುಟ್ಟಿದಳು. ನಾನು ಪ್ರಾಮಾಣಿಕವಾಗಿ ಬಗ್ಗಿದೆ. ನಾನು ಬಗ್ಗುವವರೆಗೆ ಹಿಂದೆ ಅವಳು ಎತ್ತಿದ ಬ್ಯಾಟು ಎದುರಿನವರಿಗೆ ಕಾಣುತ್ತಿರಲಿಲ್ಲ. ನನ್ನ ಮೈಕಟ್ಟು ಅಂಥದ್ದು. ಗೇಮ್ ನಮ್ಮದಾಯಿತು. ಟೀಚರಮ್ಮನೇ ಬಂದು ನನ್ನ ಕೈಗೆ ನಿಂಬೆ ಹಣ್ಣು ಕೊಟ್ಟು, "ನಾವು ಮೋಸ ಹೋದ್ವಿ" ಎಂದು ನಕ್ಕರು.

ಆ ದಿನ ತೆಗೆಸಿದ ಫೋಟೋ ಈಗಲೂ ನಮ್ಮ ನಡುಮನೆಯಲ್ಲಿದೆ. ಐವರು ಹೆಂಗಸರ ನಡುವೆ ಬ್ಯಾಟು ಎದೆಗವಚಿಕೊಂಡು ನಿಂತವನು ಯಾರೆಂದು ಬಂದವರು ಕೇಳುತ್ತಾರೆ. ಮಹಿಳಾ ತಂಡದಲ್ಲಿದ್ದೆ, ಆಡಿದ ಒಂದೇ ಒಂದು ಪಂದ್ಯವನ್ನೂ ಸೋತಿಲ್ಲ ಎನ್ನುತ್ತೇನೆ. ಚೆಂಡನ್ನು ಮುಟ್ಟಿದಿರಾ ಎಂದು ಇದುವರೆಗೆ ಯಾರೂ ಕೇಳಿಲ್ಲ.